ಚಾಳೀಸು ಬೇಡವಾದ ಮೇಲೆ

ನಾನು ಪ್ರೂಫ್ ನೋಡುವವಳು. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸ ಕಲಿತೆ. ಈಗ ಮನೆಯಲ್ಲೇ ಕೂತು ಕರಡು ತಿದ್ದಿ ಕೊಡುತ್ತೇನೆ. ಕನ್ನಡದ ಪ್ರೂಫ್ ನೋಡುವುದು ಅಂದರೆ ಅಕ್ಷರಕ್ಕಿಂತ ಜಾಸ್ತಿ ಒತ್ತು ನೋಡುವ ಕೆಲಸ. 'ರಾಷ್ಟ್ರ' ಅನ್ನುವಲ್ಲಿ ಷಕಾರದ ಕೆಳಗೆ ಟ ಒತ್ತು ಇರಬೇಕು, ಅದರ ಜೊತೆಗೆ ರ ಒತ್ತು ಕೂರಬೇಕು. ದಕಾರದ ಹೊಟ್ಟೆ ಸೀಳಿದೆಯೋ ಇಲ್ಲವೋ ನೋಡಬೇಕು. ಹನ್ನೆರಡು ಪಾಯಿಂಟಿನ ಅಕ್ಷರದಲ್ಲಿ ಆ ಸೀಳು ಕೂದಲೆಳೆಯಷ್ಟೇ ಇರುತ್ತದೆ. ಅದಕ್ಕೇ ಕಣ್ಣಿನಲ್ಲಿ ಏನೇ ಹೆಚ್ಚುಕಮ್ಮಿ ಆದರೂ ನನಗೆ ಬೇಗ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಬಹಳಷ್ಟು ಸಲ ಗೊತ್ತಾಗಿದೆ. ಆದರೆ ಗೊತ್ತಾಗಲು ಸಾಧ್ಯವೇ ಇಲ್ಲದ ಒಂದು ಭಾಗವೂ ಕಣ್ಣಿನಲ್ಲಿದೆ. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ನಲವತ್ತು ದಾಟಿದ ಮೇಲೆ ಎಲ್ಲರಂತೆ ನನಗೂ ಚಾಳೀಸು ಬಂತು. ದೂರಕ್ಕೆ ನಂಬರ್ ಇಲ್ಲ, ಹತ್ತಿರಕ್ಕೆ ಪ್ಲಸ್ ಎರಡು. ಕೆಲವು ವರ್ಷ ಹಾಗೇ ನಡೆಯಿತು. ಒಂದು ಮಳೆಗಾಲದಲ್ಲಿ ಚಾಳೀಸು ಹಾಕಿಕೊಂಡರೆ ಅಕ್ಷರ ಕಲಸಿದಂತೆ ಕಾಣತೊಡಗಿತು. ತೆಗೆದಿಟ್ಟು ನೋಡಿದರೆ ಸ್ಪಷ್ಟ! ಸೂಜಿಗೆ ದಾರವನ್ನೂ ಬರಿಗಣ್ಣಲ್ಲೇ ಪೋಣಿಸಿದೆ. ಮನೆಯವರಿಗೆಲ್ಲ ಖುಷಿಯೋ ಖುಷಿ. ಅತ್ತೆಯಂತೂ ದಿನಾ ನುಗ್ಗೆಸೊಪ್ಪಿನ ಪಲ್ಯ ಮಾಡಿದ್ದಕ್ಕೆ ಫಲ ಸಿಕ್ಕಿತು ಎಂದರು. ಅದೇ ಹೊತ್ತಿಗೆ ದೂರದ್ದು ಮಂಜಾಗಿತ್ತು. ಸಿಟಿ ಬಸ್ಸಿನ ನಂಬರ್ ಹತ್ತಿರ ಬರುವ ತನಕ ಓದಲು ಆಗುತ್ತಿರಲಿಲ್ಲ. ಬಾಯಿ ಒಣಗುವುದು, ರಾತ್ರಿ ಮತ್ತೆ ಮತ್ತೆ ಎದ್ದು ಹೋಗುವುದು ಎರಡೂ ಇದ್ದವು. ಅದನ್ನು ಯಾರೂ ಕಣ್ಣಿಗೆ ಸೇರಿಸಿ ನೋಡಿರಲಿಲ್ಲ.

ಸೇರಿಸಿ ನೋಡಿದವರು ನಮ್ಮ ಕನ್ನಡಕದ ಅಂಗಡಿಯವರು. ವಯಸ್ಸಾದ ಮನುಷ್ಯ. ನಮ್ಮ ಮನೆಯ ಎಲ್ಲರ ನಂಬರ್ ಅವರ ಹಳೇ ರಿಜಿಸ್ಟರಿನಲ್ಲಿದೆ. ಲೆನ್ಸು ಬದಲಿಸಿ ಬದಲಿಸಿ ನೋಡಿದರು. ದೂರಕ್ಕೆ ಮೈನಸ್ ಒಂದೂಮುಕ್ಕಾಲು ಬಂತು. ಹತ್ತಿರಕ್ಕೆ ಹೆಚ್ಚುಕಮ್ಮಿ ಏನೂ ಬೇಡ. ಅವರು ಫ್ರೇಮು ತೋರಿಸಲಿಲ್ಲ. "ಅಮ್ಮಾ, ಈ ವಯಸ್ಸಲ್ಲಿ ನಂಬರ್ ಹೀಗೆ ಇದ್ದಕ್ಕಿದ್ದಂಗೆ ಓಡಬಾರದು. ನಿಮ್ಮ ಮನೇಲಿ ಯಾರಿಗಾದ್ರೂ ಶುಗರ್ ಇತ್ತಾ?" ಎಂದು ಕೇಳಿದರು. ಅಮ್ಮನಿಗೆ ಇತ್ತು. "ಹಂಗಾದ್ರೆ ಕನ್ನಡಕ ಆಮೇಲೆ. ಮೊದ್ಲು ರಕ್ತ ಕೊಡಿ." ಆವತ್ತು ಅವರು ಒಂದು ಜೊತೆ ಕನ್ನಡಕ ಮಾರಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅವರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಖಾಲಿ ಹೊಟ್ಟೆಯ ಶುಗರ್ 262 ಬಂತು. ಎಚ್‌ಬಿಎ1ಸಿ 11.4. ಈ ಎರಡನೆಯದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಲೆಕ್ಕ. ಹಿಂದಿನ ದಿನ ಊಟ ಬಿಟ್ಟು ಹೋದರೂ ಅದು ಕಮ್ಮಿ ತೋರಿಸುವುದಿಲ್ಲ. 6.5 ದಾಟಿದರೆ ಶುಗರ್ ಇದೆ ಎಂದೇ ಅರ್ಥ.

ನಂಬರ್ ಯಾಕೆ ಓಡಿತು ಎನ್ನುವುದನ್ನು ಡಾಕ್ಟರ್ ಹೇಳಿದರು. ಕಣ್ಣಿನ ಒಳಗೆ ಒಂದು ಮಸೂರ ಇದೆಯಲ್ಲ, ಅದಕ್ಕೆ ರಕ್ತನಾಳ ಇಲ್ಲ. ಸುತ್ತಲಿನ ದ್ರವದಿಂದಲೇ ಅದಕ್ಕೆ ಆಹಾರ ಹೋಗಬೇಕು. ರಕ್ತದಲ್ಲಿ ಸಕ್ಕರೆ ಏರಿದರೆ ಆ ದ್ರವದಲ್ಲೂ ಏರುತ್ತದೆ, ಮಸೂರದ ಒಳಗೂ ಹೋಗುತ್ತದೆ. ಅಲ್ಲಿ ಅದರ ಒಂದು ಪಾಲು ಸಾರ್ಬಿಟಾಲ್ ಆಗುತ್ತದೆ. ಸಾರ್ಬಿಟಾಲ್ ಸುಲಭವಾಗಿ ಹೊರಗೆ ಬರುವುದಿಲ್ಲ. ಒಳಗೇ ಕೂತು ನೀರನ್ನು ಎಳೆದುಕೊಳ್ಳುತ್ತದೆ. ಮಸೂರದ ಶಕ್ತಿ ಬದಲಾಗುತ್ತದೆ. ಹೆಚ್ಚಿನವರಿಗೆ ಆಗ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಂಜಾಗುತ್ತದೆ. ಅಂದರೆ ನಾನು ಬರಿಗಣ್ಣಲ್ಲಿ ಸೂಜಿ ಪೋಣಿಸಿದ್ದು ಕಣ್ಣು ಸುಧಾರಿಸಿ ಅಲ್ಲ, ಸಕ್ಕರೆ ಮಿತಿಮೀರಿ. ನಿಮ್ಮ ಮನೆಯಲ್ಲೂ ಯಾರಾದರೂ ಐವತ್ತರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಚಾಳೀಸು ಬೇಡ ಎನ್ನತೊಡಗಿದರೆ ದಯವಿಟ್ಟು ಒಮ್ಮೆ ಶುಗರ್ ನೋಡಿಸಿ. ಪೊರೆ ಶುರುವಾಗುವಾಗಲೂ ಕೆಲವರಿಗೆ ಹೀಗೆ ಆಗುತ್ತದೆ. ಏನೇ ಇದ್ದರೂ ತೋರಿಸಬೇಕಾದ ವಿಷಯವೇ.

ಮೆಟ್‌ಫಾರ್ಮಿನ್ ಶುರುವಾಯಿತು, ಜೊತೆಗೆ ಇನ್ನೊಂದು ಮಾತ್ರೆ. ಅನ್ನ ಅರ್ಧಕ್ಕೆ ಇಳಿಯಿತು. ಮುದ್ದೆ ಎಷ್ಟು ತಿಂದರೂ ಏನೂ ಆಗಲ್ಲ ಎನ್ನುವ ಮಾತು ನಮ್ಮ ಕಡೆ ಜಾಸ್ತಿ. ಗ್ಲೂಕೋಮೀಟರ್ ಇಟ್ಟು ನೋಡಿದೆ. ದೊಡ್ಡ ಮುದ್ದೆ ತಿಂದರೆ ಶುಗರ್ ದೊಡ್ಡದಾಗಿಯೇ ಏರುತ್ತದೆ. ಚಿಕ್ಕ ಮುದ್ದೆ, ಬಟ್ಟಲು ತುಂಬ ಬಸ್ಸಾರು, ಪಲ್ಯ, ರಾತ್ರಿ ಊಟ ಆದ ಮೇಲೆ ಕುಕ್ಕರಹಳ್ಳಿ ಕಡೆಗೆ ನಡಿಗೆ. ನನಗೆ ಹೊಂದಿದ್ದು ಇದು.

ಸಕ್ಕರೆ ಇಳಿಯತೊಡಗಿತು. ಆಗ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಷ್ಟೋ ಜನ ಮಾತ್ರೆ ಬಿಟ್ಟುಬಿಡುವುದು ಇಲ್ಲೇ. ಎರಡು ವಾರದಲ್ಲಿ ದೂರದ್ದು ತಿಳಿಯಾಯಿತು. ಹತ್ತಿರದ್ದು ಪೂರ್ತಿ ಹೋಯಿತು. ಹಳೇ ಪ್ಲಸ್ ಎರಡು ಹಾಕಿದರೂ ಅಕ್ಷರ ಕಾಣುತ್ತಿಲ್ಲ. ಮೊಬೈಲಿನಲ್ಲಿ ಯಾರ ಫೋನು ಬಂತು ಎಂದು ಓದಲು ಕೈ ಚಾಚಿ ಹಿಡಿಯಬೇಕು, ಆಗಲೂ ಕಾಣದು. "ಮಾತ್ರೆಯ ಹೀಟಿಗೆ ಕಣ್ಣು ಹೋಗ್ತಿದೆ, ನಿಲ್ಸು" ಎಂದು ಹೇಳಿದವರು ಬಹಳ ಜನ. ನನಗೂ ಗಾಬರಿಯಾಯಿತು. ಡಾಕ್ಟರ್ ಮೊದಲೇ ಎಚ್ಚರಿಸಿದ್ದರಿಂದ ಮಾತ್ರೆ ಬಿಡಲಿಲ್ಲ. ನೀರು ಎಳೆದುಕೊಂಡಿದ್ದ ಮಸೂರಕ್ಕೆ ಸಕ್ಕರೆ ಇಳಿದ ಮೇಲೆ ತನ್ನ ಸಹಜ ಸ್ಥಿತಿಗೆ ಬರಲು ಸಮಯ ಬೇಕು. ಆ ನಡುವೆ ನಂಬರ್ ಉಲ್ಟಾ ಕಡೆಗೆ, ಪ್ಲಸ್ ಕಡೆಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದೂವರೆ ತಿಂಗಳ ಒಳಗೆ ಸರಿಹೋಗುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಅಲ್ಲಿಯ ತನಕ ದುಡ್ಡು ಹಾಕಿ ಹೊಸ ಕನ್ನಡಕ ಮಾಡಿಸಬಾರದು. ಅಂಗಡಿಯವರು ರೆಡಿಮೇಡ್ ಪ್ಲಸ್ ಮೂರೂವರೆಯದು ಒಂದು ಕೊಟ್ಟರು. ಪ್ರಕಾಶಕರಿಗೆ ಹೇಳಿ ಕರಡನ್ನು ಹದಿನಾರು ಪಾಯಿಂಟಿನಲ್ಲಿ ತೆಗೆಸಿಕೊಂಡೆ. ಕೊನೆಗೆ ಹೊಸ ಕನ್ನಡಕದ ನಂಬರ್ ನಿಂತದ್ದು ಪ್ಲಸ್ ಎರಡೂಕಾಲಿಗೆ. ಅಷ್ಟೆಲ್ಲ ಓಡಾಡಿ ಬಂದದ್ದು ಹಳೇ ಜಾಗದ ಪಕ್ಕಕ್ಕೇ.

ಇದು ಮಸೂರದ ಕಥೆ. ತೊಂದರೆ ಕೊಡುತ್ತದೆ, ಆದರೆ ತಿರುಗಿ ಬರುತ್ತದೆ. ರೆಟಿನಾದ, ಅಂದರೆ ಕಣ್ಣಿನ ಹಿಂಪರದೆಯ, ಕಥೆ ಬೇರೆ. ಟೈಪ್ 2 ಶುಗರ್, ಅಂದರೆ ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವಂಥದ್ದು, ಗೊತ್ತಾದಾಗಲೇ ಅದನ್ನು ನೋಡಿಸಬೇಕು, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಗೊತ್ತಾಗುವ ಮೊದಲೇ ಶುಗರ್ ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ ಯಾರಿಗೆ ಗೊತ್ತು, ಅದಕ್ಕೆ. ಶುರುವಿನಿಂದಲೇ ಇನ್ಸುಲಿನ್ ಬೇಕಾಗುವ ಟೈಪ್ 1 ಆದರೆ ಶುರುವಾದ ಐದು ವರ್ಷದೊಳಗೆ ಮೊದಲ ಪರೀಕ್ಷೆ. ಮೊದಲಿಂದಲೇ ಶುಗರ್ ಇರುವವರು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ಮತ್ತೆ ತೋರಿಸಬೇಕು.

ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಬಿಟ್ಟು ಪಾಪೆ ಅಗಲ ಮಾಡುತ್ತಾರೆ. ಮೊದಲ ಹನಿ ಉರಿಯುತ್ತದೆ. ಕಣ್ಣು ಮುಚ್ಚಿ ಕೂರಬೇಕು. ಹಾಲಿನ ಉದ್ದಕ್ಕೂ ಬೆಂಚಿನ ಮೇಲೆ ಸಾಲಾಗಿ ಕಣ್ಣು ಮುಚ್ಚಿದ ಜನ. ಸಿಸ್ಟರ್ ಬಂದು ಒಬ್ಬೊಬ್ಬರ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು, "ಇನ್ನೂ ಬಿಟ್ಕೊಂಡಿಲ್ಲ, ಇನ್ನೊಂದು ಹನಿ" ಎಂದು ಮುಂದೆ ಹೋಗುತ್ತಾರೆ. ಶುಗರ್ ಇದ್ದವರ ಪಾಪೆ ಅಗಲವಾಗುವುದು ಸ್ವಲ್ಪ ನಿಧಾನ ಎಂದು ಅವರೇ ಹೇಳಿದರು. ಮುಕ್ಕಾಲು ಗಂಟೆಗೆ ಎದುರಿನ ಗೋಡೆಯ ಪೋಸ್ಟರ್ ಅಳಿಸಿ ಹೋಗಿತ್ತು. ಡಾಕ್ಟರ್ ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ದಪ್ಪ ಮಸೂರ ಹಿಡಿದು, "ಮೇಲೆ ನೋಡಿ, ಬಲ ಮೇಲೆ, ಬಲಕ್ಕೆ, ಬಲ ಕೆಳಗೆ" ಎಂದು ಎಂಟು ದಿಕ್ಕಿಗೂ ನೋಡಿಸಿದರು. ಆ ಬೆಳಕು ಓಡಾಡುವಾಗ ಒಂದು ಕ್ಷಣ ಕೆಂಪು ಹಿನ್ನೆಲೆಯಲ್ಲಿ ಕಪ್ಪು ಕೊಂಬೆಗಳು ಕವಲೊಡೆದು ಹರಡಿದ್ದು ಕಂಡಿತು. ಏನದು ಎಂದು ಕೇಳಿದೆ. "ನಿಮ್ಮ ರಕ್ತನಾಳಗಳ ನೆರಳು. ನಿಮ್ಮ ರೆಟಿನಾ ನಿಮಗೇ ಕಾಣ್ತಿದೆ" ಎಂದರು. ಎಷ್ಟೋ ವರ್ಷದಿಂದ ಅದರ ಮೂಲಕವೇ ಎಲ್ಲವನ್ನೂ ಓದಿದ್ದೆ, ಅದನ್ನು ಮಾತ್ರ ನೋಡಿರಲಿಲ್ಲ.

ಎರಡೂ ಕಣ್ಣು 6/6. ಚಾರ್ಟಿನ ಕೊನೆಯ ಸಾಲಿನವರೆಗೆ ಓದಿದ್ದೆ. ಆದರೂ ಎಡಗಣ್ಣಿನ ಫೋಟೋದಲ್ಲಿ ಕೆಲವು ಕೆಂಪು ಚುಕ್ಕೆ ಇದ್ದವು. ಸಣ್ಣ ರಕ್ತನಾಳದ ಗೋಡೆ ದುರ್ಬಲವಾಗಿ ಅಲ್ಲಲ್ಲಿ ಉಬ್ಬಿಕೊಂಡಿರುವುದು. ಡಯಾಬಿಟಿಕ್ ರೆಟಿನೋಪತಿಯ, ಅಂದರೆ ಶುಗರಿನಿಂದ ರೆಟಿನಾ ಕೆಡುವ ಕಾಯಿಲೆಯ, ಮೊದಲ ಮೆಟ್ಟಿಲು. ಪ್ರೂಫ್ ನೋಡುವ ನನ್ನ ಕಣ್ಣಿಗೆ ಇದರ ಸುಳಿವೇ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಕಾಯಿಲೆ ಈ ಹಂತದಲ್ಲಿ ನೋಟವನ್ನು ಮುಟ್ಟುವುದಿಲ್ಲ, ನೋವಿಲ್ಲ, ಕೆಂಪಾಗುವುದಿಲ್ಲ. "ನಂಗೆ ಚೆನ್ನಾಗಿ ಕಾಣುತ್ತೆ, ಯಾಕೆ ತೋರಿಸ್ಬೇಕು" ಎಂದು ಯಾರಾದರೂ ಹೇಳಿದರೆ ನನಗೆ ಆ ಕೆಂಪು ಚುಕ್ಕೆಗಳೇ ಕಣ್ಣ ಮುಂದೆ ಬರುತ್ತವೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಇರುವವರು 10 ಕೋಟಿಗೂ ಹೆಚ್ಚು. ಅವರಲ್ಲಿ ಎಷ್ಟು ಜನ ಹೀಗೆ ಚೆನ್ನಾಗಿ ಕಾಣುತ್ತಿದೆ ಎಂದು ಸುಮ್ಮನಿದ್ದಾರೋ.

ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಸಕ್ಕರೆಯನ್ನು ಇಳಿಸಲೇಬೇಕು. ಅಮೆರಿಕದಲ್ಲಿ ಟೈಪ್ 1 ಇದ್ದವರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಗಿಯಾಗಿ ಶುಗರ್ ಕಾಪಾಡಿಕೊಂಡವರಲ್ಲಿ ಹೊಸದಾಗಿ ರೆಟಿನೋಪತಿ ಬರುವ ಅಪಾಯ ಶೇ. 76ರಷ್ಟು ಕಮ್ಮಿಯಾಗಿತ್ತು. ಟೈಪ್ 2 ಬಗ್ಗೆ ಬ್ರಿಟನ್ನಿನ ಅಧ್ಯಯನ 1998ರಲ್ಲಿ ಬಂತು. ಅದರಲ್ಲಿ ಬಿಪಿ ಹಿಡಿತದಲ್ಲಿ ಇಟ್ಟುಕೊಂಡರೂ ರೆಟಿನಾ ಹಾಳಾಗುವುದು ಗಮನಾರ್ಹವಾಗಿ ತಗ್ಗುತ್ತದೆ ಎಂದು ಕಂಡುಬಂತು. ಆದರೆ ಬಹಳ ಏರಿದ್ದ ಸಕ್ಕರೆಯನ್ನು ಧಡಕ್ಕನೆ ಇಳಿಸಿದರೆ ಕೆಲವರಲ್ಲಿ ರೆಟಿನಾ ಮೊದಲ ಕೆಲವು ತಿಂಗಳು ಕೆಡುತ್ತದೆ, ಆಮೇಲೆ ಲಾಭ ಸಿಗುತ್ತದೆ. ಅದಕ್ಕೇ ನನ್ನನ್ನು ವರ್ಷದ ಬದಲು ಆರು ತಿಂಗಳಿಗೇ ಬರಲು ಹೇಳಿದರು. ಹೊಸ ಇಂಜೆಕ್ಷನ್ ಔಷಧಿಗಳಿಂದ ಬೇಗ ಶುಗರ್ ಇಳಿಸಿಕೊಳ್ಳುವವರು ಮೊದಲು ರೆಟಿನಾ ತೋರಿಸಿಕೊಳ್ಳಬೇಕು ಎನ್ನುವುದಕ್ಕೂ ಇದೇ ಕಾರಣ.

ಕೆಲವು ವರ್ಷ ಚುಕ್ಕೆಗಳು ಇದ್ದಲ್ಲೇ ಇದ್ದವು. ಎಚ್‌ಬಿಎ1ಸಿ ಏಳರ ಆಸುಪಾಸಿನಲ್ಲಿತ್ತು. ಆಮೇಲೆ ಬಿಪಿ ಶುರುವಾಯಿತು. ಅದರ ಮರುವರ್ಷದ ಓಸಿಟಿಯಲ್ಲಿ ಎಡಗಣ್ಣಿನ ಮ್ಯಾಕ್ಯುಲಾ ಊದಿಕೊಂಡಿದ್ದು ಕಾಣಿಸಿತು.

ಓಸಿಟಿ ಎಂದರೆ ಬೆಳಕಿನಿಂದ ರೆಟಿನಾದ ಪದರಗಳನ್ನು ಅಡ್ಡಕ್ಕೆ ಕೊಯ್ದ ಹಾಗೆ ಚಿತ್ರ ತೆಗೆಯುವ ಯಂತ್ರ. ಕಣ್ಣನ್ನು ಮುಟ್ಟುವುದಿಲ್ಲ. ಗಲ್ಲ ಇಟ್ಟು ಒಳಗಿನ ಗುರುತನ್ನು ಕೆಲವು ಸೆಕೆಂಡು ದಿಟ್ಟಿಸಿದರೆ ಸಾಕು. ಈ ತಂತ್ರದ ಮೊದಲ ವರದಿ ಬಂದದ್ದು 1991ರಲ್ಲಿ. ನಮ್ಮ ಅಮ್ಮನ ಕಾಲಕ್ಕೆ ಇದು ನಮ್ಮೂರಿಗೆ ಬಂದಿರಲಿಲ್ಲ. ಮ್ಯಾಕ್ಯುಲಾ ರೆಟಿನಾದ ನಡುಭಾಗ, ಓದುವುದು ಅದರಿಂದಲೇ. ಸರಿಯಾಗಿರುವ ಕಣ್ಣಿನಲ್ಲಿ ಅದರ ಮಧ್ಯೆ ಒಂದು ತಗ್ಗು ಇರುತ್ತದೆ. ನನ್ನ ಬಲಗಣ್ಣಿನ ಚಿತ್ರದಲ್ಲಿ ತಗ್ಗು ಚೆನ್ನಾಗಿ ಕಾಣುತ್ತಿತ್ತು. ಎಡಗಣ್ಣಿನದರಲ್ಲಿ ತಗ್ಗು ತುಂಬುತ್ತಾ ಬಂದಿತ್ತು, ಪದರಗಳ ನಡುವೆ ಕಪ್ಪು ಗುಳ್ಳೆಗಳು. ಮಳೆಗಾಲದಲ್ಲಿ ಗೋಡೆಯೊಳಗೆ ನೀರು ಇಳಿದು ಗಾರೆ ಉಬ್ಬುತ್ತದಲ್ಲ, ಹಾಗೆ. ನಡುವಿನ ದಪ್ಪ 318 ಮೈಕ್ರಾನ್. ಸುಮಾರು 250 ಇರಬೇಕಾದ ಜಾಗ ಅದು.

ಆದರೂ ಓದುವುದು 6/6 ಬರುತ್ತಿತ್ತು. ತಕ್ಷಣ ಇಂಜೆಕ್ಷನ್ ಕೊಡುತ್ತಾರೆ ಎಂದು ಹೆದರಿದ್ದೆ. ಡಾಕ್ಟರ್ ಕಾಯೋಣ ಎಂದರು. ನೋಟ ಚೆನ್ನಾಗಿಯೇ ಇರುವಾಗ ಊತ ಬಂದರೆ ಕೂಡಲೇ ಇಂಜೆಕ್ಷನ್ ಕೊಟ್ಟವರು, ಲೇಸರ್ ಮಾಡಿಸಿಕೊಂಡವರು, ಗಮನ ಇಟ್ಟು ಕಾದು ನೋಟ ಇಳಿದಾಗ ಮಾತ್ರ ಇಂಜೆಕ್ಷನ್ ತಗೊಂಡವರು, ಈ ಮೂರೂ ಗುಂಪಿನವರು ಎರಡು ವರ್ಷದ ಕೊನೆಗೆ ಒಂದೇ ಥರ ಇದ್ದರು ಎಂದು 2019ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆಯಂತೆ. ಆದರೆ ಕಾಯುವುದು ಎಂದರೆ ಮನೆಯಲ್ಲಿ ಕೂರುವುದಲ್ಲ, ಹೇಳಿದ ದಿನಕ್ಕೆ ಬಂದು ತೋರಿಸುವುದು ಎಂದು ಒತ್ತಿ ಹೇಳಿದರು. ಕೈಗೆ ಒಂದು ಚೌಕಳಿ ಕಾರ್ಡು ಕೊಟ್ಟರು. ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ, ಚುಕ್ಕೆ ನೋಡುತ್ತಾ ಗೆರೆಗಳು ನೇರ ಇವೆಯೇ ಎಂದು ಗಮನಿಸಬೇಕು. ಈ 'ಒಂದೊಂದೇ ಕಣ್ಣು' ಎನ್ನುವುದು ಬಹಳ ಮುಖ್ಯ. ಎರಡೂ ತೆರೆದಿದ್ದರೆ ಒಳ್ಳೇ ಕಣ್ಣು ಕೆಟ್ಟದ್ದನ್ನು ಮುಚ್ಚಿಕೊಂಡುಬಿಡುತ್ತದೆ.

ನನಗೆ ಕಾರ್ಡಿಗಿಂತ ಮೊದಲು ಕರಡೇ ಹೇಳಿತು. ಒಂದು ಕಾದಂಬರಿಯ ಪ್ರೂಫ್ ಇತ್ತು. ಬಲಗಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಸಾಲಿನ ತಲೆಕಟ್ಟುಗಳು ಮಧ್ಯದಲ್ಲಿ ಮೇಲಕ್ಕೆದ್ದು ಮತ್ತೆ ಇಳಿದಿದ್ದವು. ಅಕ್ಷರ ಕಾಣುತ್ತಿತ್ತು, ಕೆಳಗಿನ ಒತ್ತು ಮಾಸಿತ್ತು. 'ಅಪ್ಪ'ನ ಪ ಒತ್ತು, 'ಅಮ್ಮ'ನ ಮ ಒತ್ತು ಒಂದೇ ಬೂದು ಮಚ್ಚೆ. ಧಕಾರದ ಸೀಳು ಇಲ್ಲವೇ ಇಲ್ಲ. ಮಾರನೇ ದಿನವೇ ಆಸ್ಪತ್ರೆಗೆ ಹೋದೆ. ಎಡಗಣ್ಣು 6/18ಕ್ಕೆ ಇಳಿದಿತ್ತು, ದಪ್ಪ 436 ಮೈಕ್ರಾನ್ ಆಗಿತ್ತು.

ಎಲ್ಲಿಂದ ಸೋರುತ್ತಿದೆ ಎಂದು ನೋಡಲು ಆಂಜಿಯೋಗ್ರಾಮ್ ಮಾಡಿದರು. ಹೃದಯದ್ದಲ್ಲ, ಕಣ್ಣಿನದು. ಕೈ ನರಕ್ಕೆ ಹಳದಿ ಬಣ್ಣದ ಔಷಧಿ ಬಿಟ್ಟು ಒಂದೇ ಸಮನೆ ಫೋಟೋ ತೆಗೆಯುತ್ತಾರೆ. ಒಂದು ನಿಮಿಷ ಹೊಟ್ಟೆ ತೊಳಸಿತು. ಸಂಜೆಯ ತನಕ ಚರ್ಮ ಹಳದಿ, ಮೂತ್ರ ಕಿತ್ತಳೆ ಬಣ್ಣ. ಮೊದಲೇ ಹೇಳಿದ್ದರಿಂದ ಕಾಮಾಲೆ ಎಂದು ಗಾಬರಿಯಾಗಲಿಲ್ಲ.

ಆಮೇಲೆ ಇಂಜೆಕ್ಷನ್. ಕಣ್ಣಿನ ಒಳಗೇ. ಈ ಮಾತು ಕೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ರಕ್ತ ಸಾಲದೆ ಹಸಿದ ರೆಟಿನಾ ವಿಇಜಿಎಫ್ ಎನ್ನುವ ಪ್ರೋಟೀನನ್ನು ಬಿಡುತ್ತದೆ. ಅದು ಹೆಚ್ಚಾದರೆ ರಕ್ತನಾಳ ಸೋರುತ್ತದೆ, ಇನ್ನೂ ಮುಂದೆ ಹೋದರೆ ಬೇಡದ ಹೊಸ ನಾಳಗಳು ಹುಟ್ಟುತ್ತವೆ. ಇಂಜೆಕ್ಷನ್ ಆ ಪ್ರೋಟೀನನ್ನು ತಡೆಯುತ್ತದೆ. ಮೂರು ಹೆಸರು ಕೇಳಿಬರುತ್ತವೆ: ಬೆವಾಸಿಜುಮಾಬ್, ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್. ಮೊದಲನೆಯದು ದೊಡ್ಡಕರುಳಿನ ಕ್ಯಾನ್ಸರಿಗೆಂದು 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಒಂದು ಬಾಟಲಿಯಿಂದ ಹಲವರ ಕಣ್ಣಿಗೆ ಸಣ್ಣ ಸಣ್ಣ ಪಾಲು ತೆಗೆಯುವುದರಿಂದ ತುಂಬಾ ಅಗ್ಗ. ಎರಡನೆಯದು ಕಣ್ಣಿಗೆಂದೇ ತಯಾರಾದದ್ದು, ಅದರ ಭಾರತೀಯ ರೂಪ 2015ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಬೆಲೆ ಇಳಿಯಿತು. ಮೂರನೆಯದು ದುಬಾರಿ. ನೋಟ ಬಹಳ ಇಳಿದವರಿಗೆ ಮೊದಲ ವರ್ಷ ಅದೇ ಹೆಚ್ಚು ಕೆಲಸ ಮಾಡುತ್ತದೆ, ಸ್ವಲ್ಪ ಮಾತ್ರ ಇಳಿದವರಿಗೆ ಮೂರೂ ಹತ್ತಿರ ಹತ್ತಿರ ಒಂದೇ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ನಾನು ರಾನಿಬಿಜುಮಾಬ್ ತಗೊಂಡೆ. ಬೆಲೆ ಕೇಳುವುದಕ್ಕೆ ಯಾರೂ ಸಂಕೋಚಪಡಬಾರದು. ಇದು ಒಂದು ಸಲಕ್ಕೆ ಮುಗಿಯುವ ಚಿಕಿತ್ಸೆಯಲ್ಲ. ಅರ್ಧಕ್ಕೆ ನಿಲ್ಲಿಸುವಂತಾದರೆ ಯಾವ ಔಷಧಿಯಿಂದಲೂ ಪ್ರಯೋಜನ ಇಲ್ಲ.

ಆಪರೇಷನ್ ಕೋಣೆಯಲ್ಲಿ ಮಲಗಿಸಿ ಮರಗಟ್ಟಿಸುವ ಹನಿ ಹಾಕಿದರು. ಆಮೇಲೆ ಪೊವಿಡೋನ್ ಅಯೋಡಿನ್, ಸೋಂಕು ತಡೆಯಲು. ಮುಖದ ಮೇಲೆ ಬಟ್ಟೆ, ಒಂದು ಕಣ್ಣಿಗೆ ಮಾತ್ರ ಕಿಂಡಿ. ರೆಪ್ಪೆ ಮುಚ್ಚದಂತೆ ತೆಳು ಕ್ಲಿಪ್ಪು. ನಿಜ ಹೇಳಬೇಕೆಂದರೆ ನನಗೆ ಕಿರಿಕಿರಿಯಾದದ್ದು ಆ ಕ್ಲಿಪ್ಪೇ. ಕರಿಗುಡ್ಡೆಯ ಅಂಚಿನಿಂದ ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ದೂರದಲ್ಲಿ ಅಳೆದು ಗುರುತು ಮಾಡುತ್ತಾರೆ. ಸೂಜಿ ಹೋಗುವುದು ಬಿಳಿಭಾಗದಿಂದ. "ಕಾಲ ಕಡೆ ನೋಡಿ, ಅಲ್ಲಾಡಬೇಡಿ" ಎಂದರು. ಒಂದು ಒತ್ತಡ, ಅಷ್ಟೇ. ಔಷಧಿ ಹೆಚ್ಚುಕಮ್ಮಿ ಒಂದು ಹನಿಯಷ್ಟು, 0.05 ಮಿಲಿಲೀಟರ್. ಕಣ್ಣೊಳಗೆ ಹೊಗೆಯಂಥ ಎಳೆಗಳು ಸುತ್ತಿ ಇಳಿದವು. "ಎಷ್ಟು ಬೆರಳು?" ಎಂದು ಡಾಕ್ಟರ್ ಕೈ ತೋರಿಸಿದರು. "ಎರಡು." ಮುಗಿಯಿತು. ಬಟ್ಟೆ ಹೊದಿಸಿದಾಗಿನಿಂದ ಸೂಜಿ ತೆಗೆಯುವ ತನಕ ಎರಡು ನಿಮಿಷ ಕೂಡ ಆಗಿರಲಿಲ್ಲ.

ಸೂಜಿಗಿಂತ ಅಯೋಡಿನ್ನಿನ ಉರಿ ಜಾಸ್ತಿ. ಆ ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಬೆಳಗ್ಗೆಗೆ ಸರಿಹೋಗುತ್ತದೆ. ಒಂದೆರಡು ಸಲ ಬಿಳಿಗುಡ್ಡೆಯಲ್ಲಿ ಕೆಂಪು ಮಚ್ಚೆಯಾಗಿ ವಾರ ಉಳಿದಿತ್ತು, ತಾನೇ ಕರಗಿತು. ಕೆಲವು ದಿನ ಕಣ್ಣಿಗೆ ನಲ್ಲಿ ನೀರು ತಾಕಬಾರದು. ತಲೆಗೆ ಸ್ನಾನ ಮುಂದಕ್ಕೆ ಹಾಕಬೇಕು. ಭಯಪಡಬೇಕಾದದ್ದು ಬೇರೆ. ಕೆಲವು ದಿನಗಳಲ್ಲಿ ನೋವು ಏರುತ್ತಾ ಹೋದರೆ, ನೋಟ ಇಳಿಯುತ್ತಾ ಹೋದರೆ, ಬೆಳಕು ನೋಡಲು ಆಗದಿದ್ದರೆ ಒಳಗೆ ಸೋಂಕು ಆಗಿರಬಹುದು. ಅಪರೂಪ, ಆದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಹಾಳುಮಾಡುತ್ತದೆ. ಬೆಳಗಾಗಲಿ ಎಂದು ಕಾಯಬಾರದು.

ಮೊದಮೊದಲು ತಿಂಗಳಿಗೊಂದು. ನಾಲ್ಕನೇ ತಿಂಗಳ ಚಿತ್ರದಲ್ಲಿ ತಗ್ಗು ಮತ್ತೆ ಕಾಣಿಸಿತು. ಆಮೇಲೆ ಅಂತರ ಹಿಗ್ಗಿಸುತ್ತಾ ಹೋದರು. ಆರು ವಾರ, ಎಂಟು ವಾರ, ಮೂರು ತಿಂಗಳು. ಒಮ್ಮೆ ಊತ ಮರಳಿದಾಗ ಅಂತರ ಮತ್ತೆ ತಗ್ಗಿತು. ಈಗ ಎಡಗಣ್ಣು 6/9. ತಲೆಕಟ್ಟುಗಳು ನೇರವಾಗಿವೆ. ಬಣ್ಣ ಮಾತ್ರ ಬಲಗಣ್ಣಿಗಿಂತ ಸ್ವಲ್ಪ ಮಾಸಲು.

ದುಡ್ಡಿನ ವಿಷಯ. ನಮ್ಮ ವಿಮಾ ಕಂಪನಿಯವರು ಮೊದಲ ಬಿಲ್ಲನ್ನು, ಆಸ್ಪತ್ರೆಯಲ್ಲಿ ದಾಖಲಾಗಿ ಒಂದು ದಿನ ಇದ್ದಿಲ್ಲ ಎಂದು ವಾಪಸ್ ಕಳಿಸಿದರು. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪಾಲಿಸಿಯಿಂದ ಹೊರಗಿಡಬಾರದ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಇತ್ತು. ಕಣ್ಣೊಳಗಿನ ಇಂಜೆಕ್ಷನ್ ಅದರಲ್ಲಿ ಒಂದು. ಆ ಪುಟವನ್ನು ಲಗತ್ತಿಸಿ ಮತ್ತೆ ಅರ್ಜಿ ಹಾಕಿದ ಮೇಲೆ ಕೊಟ್ಟರು, ಮಿತಿ ಇಟ್ಟು. ಎಷ್ಟು ಮಿತಿ ಎನ್ನುವುದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ನಿಮ್ಮ ಪಾಲಿಸಿ ತೆಗೆದು ಓದಿ.

ಕಾಯುವ ಹಾಲಿನಲ್ಲಿ ನಂಜನಗೂಡು ಕಡೆಯ ಒಬ್ಬ ಹಿರಿಯರ ಪರಿಚಯವಾಯಿತು. ಒಂದು ಕಣ್ಣಿನಲ್ಲಿ ಇದ್ದಕ್ಕಿದ್ದಂತೆ ಕಪ್ಪು ಎಳೆಗಳು ತೇಲಿ, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಮಬ್ಬಾಗಿತ್ತು. "ಪೊರೆ ಬಂದದೆ, ತೆಗೆದ್ರೆ ಕಾಣ್ತದೆ" ಎನ್ನುತ್ತಿದ್ದರು. ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿದ ನಾಡು ಇದು. ಪೊರೆ ತೆಗೆಸಿದರೆ ನೋಟ ಬರುತ್ತದೆ ಎಂದು ಹಳ್ಳಿಹಳ್ಳಿಗೂ ಗೊತ್ತು. ಆ ತಿಳಿವಳಿಕೆ ಎಷ್ಟೋ ಜನಕ್ಕೆ ಕಣ್ಣು ಕೊಟ್ಟಿದೆ. ಆದರೆ ಅದರ ಜೊತೆಗೆ, ಕಣ್ಣು ಮಂಜಾದರೆ ಪೊರೆಯೇ, ಬಲಿಯಲಿ ಎಂದು ಕಾಯೋಣ ಎನ್ನುವ ನಂಬಿಕೆಯೂ ಉಳಿದುಕೊಂಡಿದೆ. ರೆಟಿನಾದ ವಿಷಯದಲ್ಲಿ ಆ ಕಾಯುವಿಕೆ ಬಹಳ ನಷ್ಟ ಮಾಡುತ್ತದೆ. ಆ ಹಿರಿಯರ ಕಣ್ಣೊಳಗೆ ಹೊಸದಾಗಿ ಹುಟ್ಟಿದ್ದ ನಾಳ ಒಡೆದು ರಕ್ತ ಚೆಲ್ಲಿತ್ತು. ಇನ್ನೊಂದು ಕಣ್ಣಿನಲ್ಲೂ ಅಂಥ ನಾಳಗಳಿದ್ದವು. ಅದಕ್ಕೆ ಲೇಸರ್ ಮಾಡಿದರು.

ಲೇಸರ್ ಮಾಡಿಸಿದ್ದಕ್ಕೇ ಕಣ್ಣು ಹೋಯಿತು ಎಂದು ಹೇಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಅಮ್ಮನಿಗೂ ಹಾಗೆ ಹೇಳಿ ಹೆದರಿಸಿದವರಿದ್ದರು. ಹೊಸ ನಾಳ ಹುಟ್ಟಿದ ಕಣ್ಣಿಗೆ ಲೇಸರ್ ಮಾಡಿದರೆ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಜಾಸ್ತಿ ತಗ್ಗುತ್ತದೆ ಎಂದು 1976ರಲ್ಲೇ ಸಾಬೀತಾಗಿದೆ. ಅದು ರೆಟಿನಾದ ಅಂಚಿನ ಭಾಗಕ್ಕೆ ನೂರಾರು ಚುಕ್ಕೆ ಸುಟ್ಟು ನಡುಭಾಗವನ್ನು ಉಳಿಸುವ ಚಿಕಿತ್ಸೆ. ಅಂಚಿನ ನೋಟ, ರಾತ್ರಿಯ ನೋಟ ಸ್ವಲ್ಪ ತಗ್ಗಬಹುದು. ಹೋದ ನೋಟ ಮರಳಿ ತರುವುದು ಅದರ ಕೆಲಸ ಅಲ್ಲ, ಇರುವುದನ್ನು ಉಳಿಸುವುದು. ಇಷ್ಟನ್ನು ಮೊದಲೇ ಸಮಾಧಾನವಾಗಿ ಹೇಳಿದರೆ ಆಮೇಲೆ ಯಾರೂ ಲೇಸರನ್ನು ದೂರುವುದಿಲ್ಲ ಅನ್ನಿಸುತ್ತದೆ.

ಕೆಲಸ ಬಿಟ್ಟಿಲ್ಲ. ಕರಡು ಹದಿನಾಲ್ಕು ಪಾಯಿಂಟಿನಲ್ಲಿ, ಹೊಳಪಿಲ್ಲದ ಕಾಗದದಲ್ಲಿ ತರಿಸಿಕೊಳ್ಳುತ್ತೇನೆ. ದೀಪ ಎಡಗಡೆಯಿಂದ ಬೀಳುವ ಹಾಗೆ ಇಟ್ಟಿದ್ದೇನೆ. ಒತ್ತಕ್ಷರ ದಟ್ಟವಾಗಿರುವ ಪುಟಗಳನ್ನು ಬೆಳಗ್ಗೆಯೇ ಮುಗಿಸುತ್ತೇನೆ. ಡ್ರಾಪ್ಸ್ ಬಿಡುವ ದಿನ ಕೆಲಸ ಇಟ್ಟುಕೊಳ್ಳುವುದಿಲ್ಲ. ನಾಲ್ಕರಿಂದ ಆರು ಗಂಟೆ ಓದಲು ಆಗುವುದಿಲ್ಲ, ಗಾಡಿ ಓಡಿಸಲೇಬಾರದು, ಕಪ್ಪು ಕನ್ನಡಕ ಬೇಕೇ ಬೇಕು. ಜೊತೆಗೆ ಯಾರಾದರೂ ಬರಬೇಕು.

ನನ್ನ ಜೊತೆ ಬರುವವನು ತಮ್ಮ. ಅವನಿಗೂ ಶುಗರ್ ಇದೆ, ಲಾರಿ ಓಡಿಸುತ್ತಾನೆ. ಮೈಸೂರು-ಮಂಗಳೂರು ರಾತ್ರಿ ಟ್ರಿಪ್ಪು. ಒಂದು ದಿನ ನನ್ನನ್ನು ಕರೆದುಕೊಂಡು ಬಂದವನನ್ನು ಅಲ್ಲೇ ಕೂರಿಸಿ ಅವನ ಕಣ್ಣಿಗೂ ಡ್ರಾಪ್ಸ್ ಹಾಕಿಸಿದೆ. ಆಟೋದಲ್ಲಿ ಇಬ್ಬರೂ ಮನೆಗೆ ಬಂದೆವು. ಅವನ ರೆಟಿನಾ ಸದ್ಯಕ್ಕೆ ಚೆನ್ನಾಗಿದೆ. ಬಿಪಿ ಮಾತ್ರ 160 ಇತ್ತು, ಆ ದಿನವೇ ಮಾತ್ರೆ ಬರೆದರು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂದೂ ನೋಡಿಸಲು ಹೇಳಿದರು. ಕಣ್ಣಿನ ಸಣ್ಣ ನಾಳಕ್ಕೆ ಆಗುವುದು ಕಿಡ್ನಿಯ ಸಣ್ಣ ನಾಳಕ್ಕೂ ಆಗುತ್ತದೆ. ಅವನ ಮುಂದಿನ ಕಣ್ಣಿನ ಪರೀಕ್ಷೆ ಮತ್ತು ನನ್ನ ಮುಂದಿನ ಓಸಿಟಿ ಒಂದೇ ದಿನ ಬರುವ ಹಾಗೆ ಬರೆಸಿದ್ದೇನೆ. ಆವತ್ತು ಇಬ್ಬರಿಗೂ ಜೊತೆಯಾಗಿ ಬರಲು ನನ್ನ ಮಗ ರಜೆ ಹಾಕಬೇಕು.